ಹನ್ನೊಂದು ಕೋವಿ, ಎರಡು ಗುಂಡು

ನನ್ನ ಗೆಳತಿಯ ಅಪ್ಪ ನನ್ನನ್ನು ಕೇಳಿದ್ದು ಒಂದೇ ಒಂದು. ತಾವು ಹೋದ ದಿನ ನಾನು ಎರಡು ಗುಂಡು ಹಾರಿಸಬೇಕು. ಮಗಳನ್ನು ಕೇಳಲಿಲ್ಲ, ಅಳಿಯನನ್ನು ಕೇಳಲಿಲ್ಲ, ನನ್ನನ್ನೇ ಕೇಳಿದರು. ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೊವರೆಗೆ ಅವರಿಗೆ ಗೊತ್ತಿದ್ದ ಕನ್ನಡದವರಲ್ಲಿ ಮನೆಯಲ್ಲಿ ಕೋವಿ ಇಟ್ಟುಕೊಂಡವಳು ನಾನೊಬ್ಬಳೇ.

ಅಂಕಲ್ ಕೊಡಗಿನವರು. ಅವರ ಕಡೆ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು. ಫೋನಿಲ್ಲದ ಕಾಲದಲ್ಲಿ ದೂರದೂರದ ಮನೆಗಳಿಗೆ ಸುದ್ದಿ ಮುಟ್ಟುತ್ತಿದ್ದದ್ದು ಹಾಗೆ. ಫೋನು ಬಂದ ಮೇಲೂ ಪದ್ಧತಿ ಹೋಗಲಿಲ್ಲ. ಗುಂಡು ಹಾರಿಸದೆ ಹೆಣ ಎತ್ತುವುದೆಂದರೆ, ಅಂಕಲ್ ಪ್ರಕಾರ, ಯಾರಿಗೂ ಹೇಳದೆ ಕೇಳದೆ ಮನೆ ಬಿಟ್ಟು ಓಡಿಹೋದ ಹಾಗೆ. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ಕೊನೆಕೊನೆಗೆ ಅವರು ಬಾಯಿ ತೆರೆದ ಕೂಡಲೇ ನಾನೇ ಮಾತು ಮುಗಿಸುತ್ತಿದ್ದೆ.

ನಾನು ಕೊಡಗಿನವಳಲ್ಲ, ಮೈಸೂರಿನವಳು. ನಮ್ಮ ಮನೆಯಲ್ಲಿ ಕೋವಿ ಹಾಗಿರಲಿ, ದೀಪಾವಳಿಗೆ ದೊಡ್ಡ ಪಟಾಕಿಯನ್ನೂ ತರುತ್ತಿರಲಿಲ್ಲ. ಅಂಥವಳು ಸ್ಯಾನ್ ಡಿಯಾಗೊದ ಮೀರಾ ಮೆಸಾ ಬಡಾವಣೆಯ ಮನೆಯ ಗ್ಯಾರೇಜಿನಲ್ಲಿ ಉಕ್ಕಿನ ಕಪಾಟು ಇಟ್ಟು, ಅದರ ತುಂಬ ಹಳೆಯ ಯುದ್ಧಗಳ ರೈಫಲ್ಲು ನಿಲ್ಲಿಸಿಕೊಂಡದ್ದು ಯಾಕೆ ಅಂತ ಕೇಳದವರಿಲ್ಲ. ಗಂಡಸರು ಕ್ರಿಕೆಟ್ ಬ್ಯಾಟು ಕೂಡಿಟ್ಟರೆ ಯಾರೂ ಯಾಕೆ ಅನ್ನುವುದಿಲ್ಲ. ನನ್ನನ್ನು ಮಾತ್ರ ಕನ್ನಡದವರ ಪಾಟ್‌ಲಕ್ ಊಟದಲ್ಲಿ ಚಿತ್ರಾನ್ನ ಬಡಿಸಿಕೊಳ್ಳುತ್ತಾ, ಗಂಡನ ಜೊತೆ ಜಗಳ ಆದರೆ ಏನು ಗತಿ ಅಂತ ನಗುತ್ತಾ ಕೇಳುತ್ತಾರೆ. ಮೊದಮೊದಲು ನಾನೂ ಹಲ್ಲು ಕಿರಿಯುತ್ತಿದ್ದೆ. ಆಮೇಲೆ ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂರುವುದನ್ನು ಕಲಿತೆ.

ಶುರುವಾದದ್ದು ನಾವು ಸ್ಯಾನ್ ಡಿಯಾಗೊಗೆ ಬಂದ ಹೊಸದರಲ್ಲಿ, 2008ರ ಸುಮಾರಿಗೆ. ಶನಿವಾರ ಎಲ್ಲಿಗಾದರೂ ಹೋಗೋಣ ಅಂತ ನನ್ನ ಗಂಡ ಜಾತ್ರೆ ಮೈದಾನದಲ್ಲಿ ನಡೆಯುತ್ತಿದ್ದ ಬಂದೂಕಿನ ಪ್ರದರ್ಶನಕ್ಕೆ ಕರೆದುಕೊಂಡು ಹೋದ. ಅವನಿಗೆ ಕುತೂಹಲ, ನನಗೆ ಬೇಸರ. ಒಂದು ಮೇಜಿನ ಮೇಲೆ ಮರದ ಬಣ್ಣ ಕಪ್ಪಿಟ್ಟ ಒಂದು ಉದ್ದ ರೈಫಲ್ಲು ಇತ್ತು. ತೋಟಾ ಏರಿಸಲು ಹಿಂದೆಮುಂದೆ ಎಳೆಯುವ ಬೋಲ್ಟಿನ ಹಿಡಿಯ ಕೆಳಗೆ, ಕಬ್ಬಿಣದ ಮೇಲೆ, ಒಂದು ಕಿರೀಟ, ಅದರ ಕೆಳಗೆ ಇಶಾಪುರ ಅಂತ ಇಂಗ್ಲಿಷಿನಲ್ಲಿ ಮುದ್ರೆ. ಬಂಗಾಳದ ಇಶಾಪುರ. ನಮ್ಮ ಪೊಲೀಸರು ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಅದೇ ತ್ರೀ ನಾಟ್ ತ್ರೀ. ಆಗ ನಮಗೆ ಗ್ರೀನ್ ಕಾರ್ಡ್ ಇರಲಿಲ್ಲ, ಕೊಳ್ಳುವಂತಿರಲಿಲ್ಲ. ನಾನು ಬಗ್ಗಿ ಆ ಅಕ್ಷರಗಳನ್ನು ಓದುತ್ತಾ ನಿಂತುಬಿಟ್ಟೆ. ಎಷ್ಟು ಕೈ ದಾಟಿ, ಎಷ್ಟು ಸಮುದ್ರ ದಾಟಿ ಇಲ್ಲಿಗೆ ಬಂದು ಬಿದ್ದಿದೆ ಇದು ಅನ್ನಿಸಿ, ನಗುವಂಥ ಮಾತಲ್ಲ, ನನಗೆ ಅಳು ಬಂತು.

ಗ್ರೀನ್ ಕಾರ್ಡ್ ಬಂದ ಮೇಲೆ ಮೊದಲು ಕೊಂಡದ್ದು ಅಂಥದ್ದೇ ಒಂದು. ಆಮೇಲೆ ರಷ್ಯಾದ್ದು, ಸ್ವೀಡನ್ನಿನದು, ಜಪಾನಿನದು. ಜಪಾನಿನ ರೈಫಲ್ಲುಗಳ ಮೇಲೆ ಚಕ್ರವರ್ತಿಯ ಗುರುತಾದ ಹದಿನಾರು ಎಸಳಿನ ಹೂವಿನ ಮುದ್ರೆ ಇರುತ್ತದೆ. ನನ್ನದರಲ್ಲಿ, ಜಪಾನು ಯುದ್ಧ ಸೋತ ಮೇಲೆ, ಯಾರೋ ಆ ಹೂವನ್ನು ಅರದಿಂದ ಉಜ್ಜಿ ಅಳಿಸಿದ್ದರು. ರಷ್ಯಾದ್ದು ಬಂದದ್ದು ಮೈತುಂಬ ಗ್ರೀಸು ಮೆತ್ತಿಕೊಂಡು. ಅದನ್ನು ಕರಗಿಸಲು ಕಪ್ಪು ಕಸದ ಚೀಲದಲ್ಲಿ ಸುತ್ತಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟೆ, ಬೋಲ್ಟನ್ನು ಹಳೇ ಸಾರಿನ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಮನೆಯೆಲ್ಲ ನಾರಿತು. ಗಂಡ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಅದರಿಂದ ನನಗೇನೂ ನಷ್ಟವಾಗಲಿಲ್ಲ.

ನನಗೆ ಹಿಡಿಸಿದ್ದು ಸಿಡಿಸುವುದಲ್ಲ, ಗುರುತು ಹಿಡಿಯುವುದು. ಮದುವೆ ಮನೆಯಲ್ಲಿ ಊಟವೆಲ್ಲ ಮುಗಿದ ಮೇಲೆ ನಮ್ಮಮ್ಮ ತೊಳೆದ ಪಾತ್ರೆಗಳ ರಾಶಿಯ ಮುಂದೆ ಕೂತು, ತಳದಲ್ಲಿ ಕೊರೆಸಿದ ಹೆಸರು ಓದಿ, ಇದು ಅತ್ತೆಯದು, ಇದು ಎದುರು ಮನೆಯವರದು, ಈ ಮುಚ್ಚಳ ಈ ಪಾತ್ರೆಯದಲ್ಲ ಅಂತ ಬೇರೆ ಮಾಡುತ್ತಿದ್ದಳು. ರೈಫಲ್ಲೂ ಹಾಗೇ. ಬೋಲ್ಟಿನ ಮೇಲೆ ಒಂದು ನಂಬರು, ದೇಹದ ಮೇಲೆ ಒಂದು, ಮೂತಿಯ ಕಬ್ಬಿಣದ ಮೇಲೆ ಒಂದು. ಮೂರೂ ಒಂದೇ ಆದರೆ ಹುಟ್ಟಿದಾಗಿನಿಂದ ಜೊತೆಗಿವೆ ಅಂತ. ಬೇರೆ ಆದರೆ ಯಾವುದೋ ರಿಪೇರಿಯಲ್ಲಿ ಅದಲುಬದಲಾಗಿದೆ. ಮುಂದಿನ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹೊಡೆದಿದ್ದರೆ ಅದು ಭಾರತದಲ್ಲಿ ರಿಪೇರಿ ಕಂಡದ್ದು. ನಮ್ಮ ಬಿಸಿಲಿಗೆ ಮರ ಸೀಳದಿರಲಿ ಅಂತ ಹೊಡೆಯುತ್ತಿದ್ದರು. ಭೂತಗನ್ನಡಿ ಹಿಡಿದು ಈ ಮುದ್ರೆಗಳನ್ನು ನೋಡುತ್ತಾ ಕೂತರೆ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಮೈಸೂರಿನಲ್ಲಿ ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳತಿ ಲಾಸ್ ಏಂಜಲೀಸಿನ ಹತ್ತಿರದ ಡೈಮಂಡ್ ಬಾರ್ ಅನ್ನುವ ಊರಿನಲ್ಲಿದ್ದಳು. ಅವಳ ಅಪ್ಪ ಅಮ್ಮ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರು ಇಲ್ಲೇ ಉಳಿದರು. ಆಮೇಲೆ ಅಂಕಲ್‌ಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಷ್ಟು ದೂರದ ವಿಮಾನ ಪ್ರಯಾಣ ಇನ್ನು ಬೇಡ ಅಂದರು ಡಾಕ್ಟರು. ಊರಿಗೆ ಹೋಗುವುದಿಲ್ಲ, ಇಲ್ಲೇ ಸಾಯುವುದು ಅಂತ ಅವರಿಗೆ ಅವತ್ತೇ ಗೊತ್ತಾಯಿತು. ಅದನ್ನು ಅವರು ಮಗಳ ಹತ್ತಿರ ಆಡಲಿಲ್ಲ, ನನ್ನ ಹತ್ತಿರ ಆಡಿದರು.

ಹಳೇ ರೈಫಲ್ಲಿನ ವಿಷಯ ಗೊತ್ತಾದ ದಿನದಿಂದ ಅವರು ನನ್ನನ್ನು ಮಗಳ ಗೆಳತಿ ಅಂತ ನೋಡುವುದನ್ನೇ ಬಿಟ್ಟರು. ವಯಸ್ಸಿನಲ್ಲಿದ್ದಾಗ ಕೆಲವು ವರ್ಷ ಸೈನ್ಯದಲ್ಲಿದ್ದವರು, ತ್ರೀ ನಾಟ್ ತ್ರೀಯಲ್ಲೇ ಕಲಿತವರು. ನಾನು ಹೋದರೆ ಸಾಕು, ಜಗಳ. ನನ್ನ ಹತ್ತಿರ ಮುಂಭಾಗದ ಮರಕ್ಕೆ ಬಿಗಿಯಾಗಿ ತಾಮ್ರದ ತಂತಿ ಸುತ್ತಿದ ಒಂದು ಇಶಾಪುರ ಇತ್ತು. ಅದು ಗ್ರೆನೇಡು ಎಸೆಯಲೆಂದು ಬೇರೆ ಮಾಡಿಟ್ಟ ರೈಫಲ್ಲು, ಒಡೆದು ಚೂರಾಗದಿರಲಿ ಅಂತ ಕಾರ್ಖಾನೆಯವರೇ ತಂತಿ ಸುತ್ತುತ್ತಿದ್ದರು ಅಂತ ನಾನು ಪುಸ್ತಕ ತೋರಿಸಿದೆ.

"ಅದೆಲ್ಲ ಸುಳ್ಳು ಮಾರಾಯ್ತಿ. ಯಾವನೋ ಬೀಳ್ಸಿ ಮರ ಒಡ್ದಿದ್ದಾನೆ, ಸುಬೇದಾರ ಬೈತಾನೆ ಅಂತ ತಂತಿ ಸುತ್ತಿದ್ದಾನೆ."

"ಅಂಕಲ್, ಇದೇ ಥರ ಸುತ್ತಿರೋ ಸಾವಿರಾರು ರೈಫಲ್ ಇವೆ."

"ಸೈನ್ಯದಲ್ಲಿ ಬೀಳ್ಸೋರೂ ಸಾವಿರಾರು ಜನ ಇದ್ರು."

ಅವರು ಹೇಳಿದ್ದು ತಪ್ಪು, ನಾನು ಹೇಳಿದ್ದೇ ಸರಿ. ಆದರೆ ಕೊನೆಯವರೆಗೂ ಒಪ್ಪಲಿಲ್ಲ. ಅಡುಗೆಮನೆಯಿಂದ ಆಂಟಿ, ಅವಳು ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡು ಬಂದಿದ್ದಾಳೆ, ಕಾಫಿ ಕುಡಿಯೋಕಾದ್ರೂ ಬಿಡಿ ಅನ್ನುತ್ತಿದ್ದರು.

ಇದೆಲ್ಲ ನನ್ನ ಗೆಳತಿಗೆ ಸರಿಬರುತ್ತಿರಲಿಲ್ಲ. ಅವಳನ್ನು ತಪ್ಪು ಅನ್ನಲಾರೆ. ಅವಳ ಮಕ್ಕಳು ಸ್ಕೂಲಿನಲ್ಲಿ ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಹೇಗೆ ಬೆಂಚಿನ ಕೆಳಗೆ ಉಸಿರು ಬಿಗಿಹಿಡಿದು ಕೂರಬೇಕು ಅಂತ ಅಭ್ಯಾಸ ಮಾಡಿ ಬರುತ್ತಿದ್ದರು. ನಮ್ಮ ಹೊಸಿಲು ದಾಟಿ ಆ ಸಾಮಾನು ಒಳಗೆ ಬರಕೂಡದು ಅಂತ ಅವಳು ಖಂಡಿತವಾಗಿ ಹೇಳಿದ್ದಳು. ನನ್ನ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೋ ಏನೋ.

ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ ಕೋವಿಗಳಿಗೆ ಪೂಜೆ ಮಾಡುವ ಹಬ್ಬವೊಂದಿದೆ, ಕೈಲ್ ಮುಹೂರ್ತ. ಒಂದು ವರ್ಷ ಆ ಹಬ್ಬದ ಹೊತ್ತಿಗೆ ಅಂಕಲ್ ಫೋನ್ ಮಾಡಿ, ಒಂದೇ ಒಂದು ರೈಫಲ್ ತಗೊಂಡು ಬಾ, ಒಳಗೆ ತರ್ಬೇಡ ಅಂದರು. ನಾನು ಮೊದಲು ಕೊಂಡ ಇಶಾಪುರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟೆ. ಹದಿನೈದನೇ ಹೆದ್ದಾರಿಯಲ್ಲಿ ಟ್ರಾಫಿಕ್ಕು, ಎರಡೂವರೆ ಗಂಟೆ ಹಿಡಿಯಿತು. ಅವರು ಮನೆ ಮುಂದಿನ ಡ್ರೈವ್‌ವೇನಲ್ಲಿ ಪಂಚೆ ಉಟ್ಟು, ಕೈಯಲ್ಲಿ ತಟ್ಟೆ ಹಿಡಿದು ಕಾಯುತ್ತಿದ್ದರು. ತಟ್ಟೆಯಲ್ಲಿ ಗಂಧ, ಊದುಬತ್ತಿ, ಒಂದು ಹೂವು. ಊರಲ್ಲಾದರೆ ಕೋವಿ ಮೂತಿಗೆ ಸಿಕ್ಕಿಸಲು ಬೆಂಕಿ ಬಣ್ಣದ ಕಾಡು ಹೂವೊಂದಿದೆಯಂತೆ, ಕೋವಿ ಹೂವು ಅಂತಲೇ ಹೆಸರು. ಇಲ್ಲಿ ಅದೆಲ್ಲಿಂದ ಬರಬೇಕು. ಪಕ್ಕದ ಮನೆಯ ಬೇಲಿಯಲ್ಲಿ ಬೆಳೆದ ಕೊಕ್ಕಿನಾಕಾರದ ಕಿತ್ತಳೆ ಹೂವನ್ನು ಕಿತ್ತು ತಂದಿದ್ದರು.

ಡಿಕ್ಕಿ ತೆರೆದಿಟ್ಟು, ಕಾರಿನ ಹಿಂದೆ ನಿಂತು ಪೂಜೆ ಮಾಡಿದೆವು. ಅವರು ಬೋಲ್ಟನ್ನು ಹಿಂದಕ್ಕೆ ಎಳೆದು, ಒಳಗೆ ಏನೂ ಇಲ್ಲ ಅಂತ ಬೆರಳು ಹಾಕಿ ನೋಡಿ, ಮುಚ್ಚಿ, ಗಂಧ ಹಚ್ಚಿದರು. ನಾಯಿ ಹಿಡಿದು ಹೋಗುತ್ತಿದ್ದ ಒಬ್ಬಾಕೆ ನಿಂತು ನೋಡಿ, ನಾಯಿಯನ್ನು ಎಳೆದುಕೊಂಡು ರಸ್ತೆಯ ಆಚೆ ಬದಿಗೆ ದಾಟಿದಳು. ಅಂಕಲ್ ಅವಳಿಗೂ ಕೈ ಬೀಸಿದರು. ಮರುದಿನ ನನ್ನ ಗೆಳತಿ ಫೋನು ಮಾಡಿ, "ಇನ್ನೊಂದ್ಸಲ ತಂದ್ರೆ ನೀನೂ ಬರ್ಬೇಡ ಕಣೇ," ಅಂದಳು. ಆಮೇಲೆ ನಾನು ತೆಗೆದುಕೊಂಡು ಹೋಗಲಿಲ್ಲ.

ಆ ಪೂಜೆಯ ದಿನ ಡಿಕ್ಕಿ ಮುಚ್ಚುವ ಮೊದಲೇ ಅವರು ಮೊದಲ ಸಲ ಕೇಳಿದ್ದು.

"ನಾನು ಹೋದಾಗ ಇದ್ರಲ್ಲೇ ಎರಡು ಗುಂಡು ಹಾರಿಸ್ಬಿಡು."

"ಅಂಕಲ್, ಇಲ್ಲಿ ಹಾಗೆಲ್ಲ ಆಗಲ್ಲ. ಊರೊಳಗೆ ಹಾರಿಸಿದ್ರೆ ಜೈಲಿಗೆ ಹಾಕ್ತಾರೆ."

"ಎರಡೇ ಎರಡು. ಆಕಾಶಕ್ಕೆ."

"ಆಕಾಶಕ್ಕೆ ಹಾರಿಸಿದ್ದು ಯಾರದೋ ತಲೆ ಮೇಲೆ ಬೀಳುತ್ತೆ. ನಿಮ್ಮ ಊರಲ್ಲಿ ಅಣ್ಣನ ಮಗ ಇದ್ದಾನಲ್ಲ, ಅವನು ಹಾರಿಸ್ತಾನೆ ಬಿಡಿ."

"ಸತ್ತದ್ದು ಇಲ್ಲಿ, ಗುಂಡು ಅಲ್ಲಿ ಹಾರಿಸಿದ್ರೆ ಯಾರಿಗೆ ಹೇಳಿದ ಹಾಗಾಯ್ತು? ಅಲ್ಲಿಯವರಿಗೆ ವಾಟ್ಸಾಪ್ ಇದೆ." ರೈಫಲ್ಲಿನ ಮೇಲೆ ಕೈಯಾಡಿಸುತ್ತಾ ಕೇಳಿದರು, "ನಿನ್ನ ಹತ್ರ ಒಟ್ಟು ಎಷ್ಟು ಕೋವಿ ಇದೆ?"

"ಹನ್ನೊಂದು."

"ಹನ್ನೊಂದು ಕೋವಿ ಇಟ್ಕೊಂಡು ಎರಡು ಗುಂಡಿಗೆ ಗತಿ ಇಲ್ಲ ಅಂತೀಯಲ್ಲ ಮಾರಾಯ್ತಿ."

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರ ಮೇಲಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ, ಅದಕ್ಕೆ. ಆಮೇಲಿನ ವರ್ಷಗಳಲ್ಲಿ ಪ್ರತಿ ಸಲವೂ ಕೇಳಿದರು, ಪ್ರತಿ ಸಲವೂ ಆಗಲ್ಲ ಅಂದೆ. ಅವರು ಮಾತ್ರ ನಾನು ಆಗಲ್ಲ ಅಂದದ್ದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಆಂಟಿಗೆ, ಅವಳಿದ್ದಾಳೆ, ಏನಾದ್ರೂ ಮಾಡ್ತಾಳೆ ಅಂತ ಹೇಳಿದ್ದರಂತೆ.

2019ರ ಬೇಸಿಗೆ ಮುಗಿಯುವ ಹೊತ್ತಿಗೆ ಡಯಾಲಿಸಿಸ್ ನಿಲ್ಲಿಸಿಬಿಡಿ ಅಂತ ಅವರೇ ಡಾಕ್ಟರಿಗೆ ಹೇಳಿದರು. ನಾನು ನೋಡಲು ಹೋದಾಗ ಹಾಲಿನಲ್ಲಿ ಬಾಡಿಗೆಯ ಆಸ್ಪತ್ರೆ ಮಂಚ ಹಾಕಿದ್ದರು. ಮಾತು ಕಮ್ಮಿಯಾಗಿತ್ತು. ನನ್ನನ್ನು ನೋಡಿ ಎರಡು ಬೆರಳು ಎತ್ತಿದರು. ನಾನು ತಲೆಯಾಡಿಸಿದೆ. ಏನಂತ ತಲೆಯಾಡಿಸಿದೆನೋ ಗೊತ್ತಿಲ್ಲ, ಆ ಮುಖ ನೋಡಿಕೊಂಡು ಆಗಲ್ಲ ಅನ್ನಲು ಆಗಲಿಲ್ಲ.

ವಾಪಸು ಬರುವಾಗಲೇ ದಾರಿ ಹುಡುಕಲು ಶುರುಮಾಡಿದೆ. ಮೊದಲು ಪೊಲೀಸ್ ಸ್ಟೇಷನ್ನಿನ ತುರ್ತಲ್ಲದ ನಂಬರಿಗೆ ಫೋನು ಮಾಡಿದೆ. ಮನೆಯಲ್ಲಿ ಒಬ್ಬರು ಸಾಯುತ್ತಿದ್ದಾರೆ, ಅವರು ಸತ್ತ ಮೇಲೆ ಎರಡು ಖಾಲಿ ತೋಟಾ, ಅಂದರೆ ಗುಂಡಿಲ್ಲದ್ದು, ಬರೀ ಶಬ್ದ, ಹಾರಿಸಲು ಅನುಮತಿ ಸಿಗುತ್ತದಾ ಅಂತ ಕೇಳಿದೆ. ಆ ಕಡೆಯ ಹೆಂಗಸು ತುಂಬ ಮೆತ್ತಗಿನ ದನಿಯಲ್ಲಿ, ಈಗ ನಿನ್ನ ಕೈಯಲ್ಲಿ ಬಂದೂಕು ಇದೆಯಾ ಅಂತ ಕೇಳಿದಳು. ನಿನಗಾಗಲಿ ಬೇರೆಯವರಿಗಾಗಲಿ ತೊಂದರೆ ಮಾಡಿಕೊಳ್ಳುವ ಯೋಚನೆ ಬರುತ್ತಿದೆಯಾ ಅಂತಲೂ ಕೇಳಿದಳು. ಅವಳ ಕೆಲಸ ಅವಳು ಮಾಡಿದಳು. ಹದಿನೈದನೇ ಹೆದ್ದಾರಿಯ ಪಕ್ಕ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಇಲ್ಲ ಇಲ್ಲ, ಇದು ಪದ್ಧತಿ, ನಮ್ಮ ಕಡೆ ಪದ್ಧತಿ ಅಂತ ಅರ್ಧ ಗಂಟೆ ವಿವರಿಸಿದೆ. ಅನುಮತಿ ಇಲ್ಲ ಅಂದಳು.

ಅಂಕಲ್ ತೀರಿಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ. ನಾನು ಡೈಮಂಡ್ ಬಾರ್ ಮುಟ್ಟುವಷ್ಟರಲ್ಲಿ ಹೆಣ ಒಯ್ಯುವವರು ಬಂದಿದ್ದರು. ಕಪ್ಪು ಕೋಟಿನ ಇಬ್ಬರು, ಬಿಳಿಯ ವ್ಯಾನು, ಸ್ವಲ್ಪವೂ ಸದ್ದಾಗದ ಗಾಲಿಯ ಮಂಚ. ಅಷ್ಟು ಮರ್ಯಾದೆಯಿಂದ, ಅಷ್ಟು ಮೆಲ್ಲಗೆ ನಡೆದುಕೊಂಡರು ಅವರು. ಎದುರು ಮನೆಯವನು ಕಾರು ತೊಳೆಯುತ್ತಿದ್ದ, ಅವನು ತಲೆ ಎತ್ತಲೂ ಇಲ್ಲ. ಆಂಟಿ ಬಾಗಿಲಲ್ಲಿ ನಿಂತು ಮೊದಲು ವ್ಯಾನಿನ ಕಡೆ ನೋಡಿದರು, ಆಮೇಲೆ ನನ್ನ ಕೈಗಳ ಕಡೆ ನೋಡಿದರು. ನನ್ನ ಕೈಯಲ್ಲಿ ಕಾರಿನ ಕೀ ಇತ್ತು, ಅಷ್ಟೇ.

ವ್ಯಾನು ಹೋದ ಮೇಲೆ ನನ್ನ ಗೆಳತಿ ಕಣ್ಣೊರೆಸಿಕೊಂಡು ಒಳಗಿನಿಂದ ಸ್ಪೀಕರ್ ತಂದಳು. ಯಾವತ್ತೂ ಕೋವಿಯ ಸುದ್ದಿಗೆ ಬಾರದವಳು, ತಾನೇ ಫೋನಿನಲ್ಲಿ ಗುಂಡಿನ ಶಬ್ದ ಹುಡುಕಿದ್ದಳು. "ಅಮ್ಮಾ, ಇದನ್ನ ಹಾಕ್ಲಾ? ಜೋರಾಗೇ ಕೇಳುತ್ತೆ," ಅಂದಳು. ಆಂಟಿ ಬಯ್ಯಲಿಲ್ಲ. ಸ್ಪೀಕರಿನ ಮೇಲೆ ಕೈಯಿಟ್ಟು, "ಬೇಡ ಮಗಳೇ, ಒಳಗಿಡು," ಅಂದರು. ಅವಳು ಅದನ್ನು ಎದೆಗೆ ಅವುಚಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ.

ಉಳಿದದ್ದು ಒಂದೇ ದಾರಿ. ಅಜೂಸಾ ಊರು ದಾಟಿ ಬೆಟ್ಟದೊಳಗೆ ಹೋದರೆ ಬಯಲಿನಲ್ಲಿ ಗುರಿ ಹೊಡೆಯುವ ಒಂದು ರೇಂಜ್ ಇದೆ. ಅಲ್ಲಿ ಹಾರಿಸಬಹುದು, ಆಕಾಶಕ್ಕಲ್ಲ, ಮಣ್ಣಿನ ದಿಬ್ಬಕ್ಕೆ. ಮನೆಯ ಮುಂದಲ್ಲ, ನಿಜ. ಆದರೂ ಗುಂಡು ಗುಂಡೇ ಅಲ್ಲವಾ ಅಂತ ಆಂಟಿಯನ್ನು ಕೇಳಿದೆ. ಅವರು, "ಬೆಟ್ಟ ಇದೆಯಾ ಅಲ್ಲಿ?" ಅಂದರು. ಇದೆ ಅಂದೆ. "ಹಾಗಾದ್ರೆ ನಾನೂ ಬರ್ತೀನಿ. ನಾನು ಕೇಳ್ಬೇಕು," ಅಂದರು. ದಹನ ಆಗುವ ಮೊದಲೇ ಹಾರಿಸಬೇಕಿತ್ತು. ದಹನಕ್ಕೆ ಸಿಕ್ಕಿದ ದಿನ ಭಾನುವಾರ. ಶನಿವಾರ ಹೋಗುವುದು ಅಂತಾಯಿತು.

ತೋಟಾ ಕೊಳ್ಳಲು ಅಂಗಡಿಗೆ ಹೋದೆ. ಆ ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿ ಗುಂಡು ಕೊಳ್ಳಲೂ ಕಂಪ್ಯೂಟರು ಒಪ್ಪಬೇಕು. ನನ್ನ ರೈಫಲ್ಲು ಯಾವ ಹೆಸರಿನಲ್ಲಿದೆಯೋ ಅದೇ ಹೆಸರಿನ ಡ್ರೈವಿಂಗ್ ಲೈಸೆನ್ಸು ತೋರಿಸಬೇಕು. ನಮ್ಮ ಹೆಸರಿನ ಕತೆ ನಮಗಷ್ಟೇ ಗೊತ್ತು. ಮೈಸೂರಿನಲ್ಲಿ ನನ್ನ ಹೆಸರಿನ ಹಿಂದೆ ಒಂದು ಇನಿಷಿಯಲ್ ಇತ್ತು. ಪಾಸ್‌ಪೋರ್ಟಿನಲ್ಲಿ ಅದು ಬಿಚ್ಚಿಕೊಂಡು ಅಪ್ಪನ ಹೆಸರೇ ಸರ್‌ನೇಮ್ ಆಯಿತು. ರೈಫಲ್ಲುಗಳೆಲ್ಲ ಆ ಹೆಸರಿನಲ್ಲಿ. ಸಿಟಿಜನ್ ಆಗುವಾಗ, ಬ್ಯಾಂಕಿನಲ್ಲಿ ತೊಂದರೆ ಬೇಡ ಅಂತ, ಗಂಡನ ಹೆಸರು ಸೇರಿಸಿ ಅಪ್ಪನದನ್ನು ಮಧ್ಯಕ್ಕೆ ತಳ್ಳಿದೆ. ಅಪ್ಪ, ಗಂಡ, ನಾನು ಮೂವರೂ ಸೇರಿ ಆ ಕಂಪ್ಯೂಟರಿಗೆ ಯಾರೋ ಗುರುತಿಲ್ಲದ ಒಬ್ಬ ಹೆಂಗಸಾದೆವು. ತಿರಸ್ಕಾರ ಅಂತ ಬಂತು. ಮುದ್ರೆ ನೋಡಿ ಎಲ್ಲಿಯ ರೈಫಲ್ಲಿನ ಗುರುತನ್ನಾದರೂ ಹಿಡಿಯುವ ನಾನು, ಕೌಂಟರಿನ ಮುಂದೆ ನಾನೇ ನಾನು ಅಂತ ತೋರಿಸಲಾಗದೆ ನಿಂತಿದ್ದೆ. ಅಂಗಡಿಯವನು ಪಾಪ, ದಾಖಲೆ ಸರಿಮಾಡಿಸಲು ಕೆಲವು ವಾರ ಆಗಬಹುದು ಅಂದ. ನನ್ನ ಹತ್ತಿರ ಇದ್ದದ್ದು ಎರಡು ದಿನ.

ಮನೆಗೆ ಬಂದು ಕಪಾಟಿನ ಮುಂದೆ ನೆಲದ ಮೇಲೆ ಕೂತೆ. ಗಂಡ ಗ್ಯಾರೇಜಿಗೆ ಬಂದು ನನ್ನ ಮುಖ ನೋಡಿದವನು ಕಾಫಿ ತಂದಿಟ್ಟು ಹೋದ. ಕಪಾಟಿನ ಮೇಲಿನ ಅರೆಯಲ್ಲಿ, ಬರೀ ನೋಡಲಿಕ್ಕೆಂದು ಇಟ್ಟುಕೊಂಡ ಹಳೆಯ ಐದು ತೋಟಾ ಇದ್ದವು. ಭಾರತದಲ್ಲೇ ಮಾಡಿದ್ದು, ಖಡ್ಕಿ ಕಾರ್ಖಾನೆಯ ಮುದ್ರೆಯಿದ್ದದ್ದು. ನನಗಿಂತ ವಯಸ್ಸಾದವು. ಇಂಥವು ಸಿಡಿದರೆ ಸಿಡಿಯುತ್ತವೆ, ಇಲ್ಲದಿದ್ದರೆ ಇಲ್ಲ; ತಡೆದು ಸಿಡಿಯುವುದೂ ಉಂಟು. ಬುದ್ಧಿ ಇರುವವರು ಅವನ್ನು ರೈಫಲ್ಲಿಗೆ ಹಾಕುವುದಿಲ್ಲ. ನಾನು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಬಿರುಕಿದೆಯಾ ಅಂತ ನೋಡಿ, ಡಬ್ಬಿಗೆ ಹಾಕಿದೆ.

ಶನಿವಾರ ಬೆಳಿಗ್ಗೆ ಆಂಟಿ ಸೀರೆಯ ನೆರಿಗೆ ಹಿಂದಕ್ಕೆ ಕಟ್ಟಿ, ತಲೆಗೆ ವಸ್ತ್ರ ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಬೆಟ್ಟದ ತಿರುವು ಶುರುವಾದ ಮೇಲೆ, "ಅವರು ಹೋಗಿ ನಾಲ್ಕು ದಿನ ಆಯ್ತು. ಇನ್ನೂ ಯಾರಿಗೂ ಹೇಳಿಲ್ಲ ಅನ್ನಿಸ್ತಿದೆ ನನಗೆ," ಅಂದರು. ನಾನು ಕಾರನ್ನು ಮುಂದಿನ ತಿರುವು ಹತ್ತಿಸಿದೆ.

ರೇಂಜಿನಲ್ಲಿ ಜಾತ್ರೆ. ರಜೆಯ ದಿನ, ಬಿಸಿಲು ಹದವಾಗಿದೆ, ಐವತ್ತು ಅರುವತ್ತು ಜನ ಸಾಲಾಗಿ ಬೆಂಚಿಗೆ ಕೂತು ಹೊಡೆಯುತ್ತಿದ್ದಾರೆ. ಪಟಪಟ ಪಟಪಟ ನಿಲ್ಲುವುದೇ ಇಲ್ಲ. ಒಳಗೆ ಬರಬೇಕಾದರೆ ಎಲ್ಲರೂ ಕಿವಿಗೆ ಮುಚ್ಚಳ ಹಾಕಲೇಬೇಕು, ಅದು ಅಲ್ಲಿಯ ನಿಯಮ. ಆಂಟಿಗೆ ಒಂದು ಜೊತೆ ಕೊಟ್ಟೆ. ಅವರು ಹಾಕಿಕೊಂಡು ನೋಡಿ ತೆಗೆದರು.

"ಇದ್ರಲ್ಲಿ ಏನೂ ಕೇಳ್ಸಲ್ಲ ಅಮ್ಮ."

"ಅದಿಲ್ಲದೆ ಒಳಗೆ ಬಿಡಲ್ಲ ಆಂಟಿ. ಕಿವಿ ಹೋಗ್ಬಿಡುತ್ತೆ."

"ಕಿವಿ ಮುಚ್ಕೊಂಡು ಕೇಳೋಕೆ ನಾನು ಇಷ್ಟು ದೂರ ಬರ್ಬೇಕಿತ್ತಾ? ನಾನು ಕಾರಿನ ಹತ್ರಾನೇ ನಿಂತಿರ್ತೀನಿ. ನೀನು ಹೋಗಿ ಹಾರಿಸು."

ಮೇಲ್ವಿಚಾರಕನಿಗೆ ವಿಷಯ ಹೇಳಿದೆ. ಒಂದೇ ಒಂದು ನಿಮಿಷ ಎಲ್ಲರನ್ನೂ ನಿಲ್ಲಿಸಿ ನನಗೆ ಮಾತ್ರ ಹಾರಿಸಲು ಬಿಡುತ್ತೀರಾ ಅಂತ ಕೇಳಿದೆ. ಗಡ್ಡದ ಮುದುಕ, ಒಳ್ಳೆಯವನು, ಟೋಪಿ ತೆಗೆದು ಕೇಳಿಸಿಕೊಂಡ. ಸಾಲು ನಿಲ್ಲಿಸಿದಾಗ ಯಾರೂ ರೈಫಲ್ಲು ಮುಟ್ಟುವಂತಿಲ್ಲ, ಅದು ನನ್ನ ಕೈಯಲ್ಲಿಲ್ಲ ಅಂದ. ನಿನ್ನವರು ಹೋದದ್ದಕ್ಕೆ ಬೇಜಾರಾಯಿತು ಅಂದ. ಅವನ ಜೊತೆ ಜಗಳವಾಡಲೂ ನನಗೆ ದಾರಿಯಿರಲಿಲ್ಲ.

ಬೆಂಚಿನ ಮೇಲೆ ಇಶಾಪುರ ಇಟ್ಟು, ಎರಡು ತೋಟಾ ತುಂಬಿ, ಬೋಲ್ಟು ಮುಚ್ಚಿ ಟ್ರಿಗರ್ ಎಳೆದೆ. ಟಿಕ್ ಅಂತು, ಅಷ್ಟೇ. ತಡೆದು ಸಿಡಿದೀತು ಅಂತ ನಳಿಗೆ ದಿಬ್ಬದ ಕಡೆಗೇ ಹಿಡಿದು ಕೂತೆ. ಬೆವರು ಕಣ್ಣಿಗೆ ಇಳಿಯಿತು. ಒಂದು ಸಿಡಿದು ಇನ್ನೊಂದು ಸಿಡಿಯದೆ ಹೋದರೆ ಏನು ಗತಿ? ಒಂದಾದರೆ ಗಂಡು ಮಗು ಹುಟ್ಟಿದ ಸುದ್ದಿ. ಅಂಕಲ್ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಅನ್ನಿಸಿತು. ಕೆಟ್ಟ ತೋಟಾ ಹೊರಗೆ ತೆಗೆದು, ಡಬ್ಬಿಯಲ್ಲಿ ಉಳಿದ ಮೂರನ್ನೂ ತುಂಬಿದೆ. ಎಳೆದೆ. ಸಿಡಿಯಿತು. ಭುಜಕ್ಕೆ ಒದ್ದದ್ದೂ ತಿಳಿಯಲಿಲ್ಲ, ಬೋಲ್ಟು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿ ಮತ್ತೆ ಎಳೆದೆ. ಅದೂ ಸಿಡಿಯಿತು.

ಬೆನ್ನುಬೆನ್ನಿಗೆ ಎರಡು. ಕೈ ಮುಗಿದೆ. ಬಲಗಡೆಯವನು ನನ್ನ ರೈಫಲ್ಲು ನೋಡಿ ಹೆಬ್ಬೆರಳು ಎತ್ತಿ ತೋರಿಸಿ, ತನ್ನದರಲ್ಲಿ ಹತ್ತು ಹದಿನೈದು ಒಟ್ಟಿಗೇ ಸಿಡಿಸಿದ. ಸಿಡಿಸದೆ ಉಳಿದ ತೋಟಾ ಹೊರಗೆ ತೆಗೆದು, ರೈಫಲ್ಲು ಪೆಟ್ಟಿಗೆಗೆ ಹಾಕಿ, ಹೆಚ್ಚೂಕಮ್ಮಿ ಓಡುತ್ತಲೇ ಹೊರಗೆ ಬಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಕೇಳಿದ್ದನ್ನು ಮಾಡಿದ್ದೆ, ಅದನ್ನು ಆಂಟಿಗೆ ಹೇಳಬೇಕಿತ್ತು.

ಆಂಟಿ ಕಾರಿನ ಪಕ್ಕ, ಬೆಟ್ಟದ ಕಡೆ ಮುಖ ಮಾಡಿ ನೆಟ್ಟಗೆ ನಿಂತಿದ್ದರು. ಹಿಂದಿನಿಂದ ಗುಂಡುಗಳು ಸಿಡಿಯುತ್ತಲೇ ಇದ್ದವು, ಒಂದೊಂದೂ ಬೆಟ್ಟಕ್ಕೆ ತಗುಲಿ ಇನ್ನೊಂದಾಗಿ ವಾಪಸು ಬರುತ್ತಿತ್ತು.

"ಆಯ್ತು ಆಂಟಿ."

"ಆಯ್ತಾ?" ಅವರು ನನ್ನ ಕಡೆ ತಿರುಗಿದರು. "ಯಾವ್ದು ನಮ್ಮದು?"

ನಾನು ರೇಂಜಿನ ಕಡೆ ತಿರುಗಿ ನೋಡಿದೆ.

"ಕಿವಿ ಕೊಟ್ಟು ಕೇಳ್ತಾನೇ ಇದ್ದೆ ಅಮ್ಮ. ಗೊತ್ತಾಗ್ಲಿಲ್ಲ. ಅದಕ್ಕೇ ಎಲ್ಲದಕ್ಕೂ ಕೈ ಮುಗಿದೆ."

ಅಷ್ಟು ಹೊತ್ತಿಗೆ ಆಚೆಯಿಂದ ಮತ್ತೆರಡು, ಬೆನ್ನುಬೆನ್ನಿಗೆ. ಆಂಟಿ ತಟ್ಟನೆ ಬೆಟ್ಟದ ಕಡೆ ತಿರುಗಿ, ತಲೆ ಬಗ್ಗಿಸಿ ಕೈ ಮುಗಿದರು. ನಮ್ಮದು ಆಗಲೇ ಆಗಿಹೋಗಿತ್ತು. ಪೆಟ್ಟಿಗೆ ನೆಲದ ಮೇಲಿಟ್ಟು, ಅವರ ಪಕ್ಕ ನಿಂತು ನಾನೂ ಕೈ ಮುಗಿದೆ.